ಫುಟ್‌ವಾಲ್ವ್‌ಗೆ ಯಾರೂ ಬಟ್ಟೆ ಕಟ್ಟುವುದಿಲ್ಲ

ಹಳೆಯ ಅಂಬಾಸಿಡರ್ ಘಾಟಿ ಏರುವಾಗ ಮುಕ್ಕರಿಸಿ ನಿಂತರೆ ತಕ್ಷಣ ಸಿಗುವ ಬಿಟ್ಟಿ ಸಲಹೆ: ‘ಇನ್ನೊಂದು ಪೆಟ್ರೋಲ್ ಫಿಲ್ಟರ್ ಹಾಕಿಸಿ, ಇಂಜೆಕ್ಷನ್ ಕಾರಿನದ್ದು, ಧೂಳಿನ ಕಣವನ್ನೂ ಬಿಡಲ್ಲ.’ ಅದನ್ನು ಕೈಗೆ ಎಟುಕುತ್ತದೆಂದು, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ಪಂಪಿಗೆ ಮುಂಚೆಯೇ ಕೂರಿಸುತ್ತಾರೆ. ಆಮೇಲೆ ಕಾರು ಸಮತಟ್ಟು ರಸ್ತೆಯಲ್ಲೂ ನಿಲ್ಲತೊಡಗುತ್ತದೆ.

ತೆರೆದ ಬಾವಿಯ ದಡದಲ್ಲಿ ಪಂಪ್‌ಸೆಟ್ ಇಟ್ಟ ರೈತ ಈ ತಪ್ಪು ಮಾಡುವುದಿಲ್ಲ. ಅವನ ಫುಟ್‌ವಾಲ್ವ್‌ಗೆ, ಅಂದರೆ ನೀರಿಗಿಳಿದ ಪೈಪಿನ ತುದಿಯ ವಾಲ್ವ್‌ಗೆ, ಇರುವುದು ದೊಡ್ಡ ತೂತಿನ ಬುಟ್ಟಿ. ಎಲೆ, ಕಡ್ಡಿ, ಕಪ್ಪೆ ಒಳಬರದಿದ್ದರೆ ಸಾಕು. ಡ್ರಿಪ್‌ನ ಸಣ್ಣ ಜಾಲರಿ ಫಿಲ್ಟರ್ ಇರುವುದು ಪಂಪಿನ ಆಚೆ, ಡೆಲಿವರಿ ಕಡೆ. ಏಕೆಂದರೆ ಯಾವ ಪಂಪೂ ಹೀರುವುದಿಲ್ಲ. ಅದು ಒಳಗೆ ಜಾಗ ಖಾಲಿ ಮಾಡಿಕೊಡುತ್ತದೆ, ಅಷ್ಟೆ. ನೀರನ್ನು ಒಳಗೆ ತಳ್ಳುವುದು ಹೊರಗಿನ ಗಾಳಿ. ಸ್ಟ್ರಾ ಹಾಕಿ ಎಳನೀರು ಕುಡಿಯುವಾಗಲೂ ನಡೆಯುವುದು ಇದೇ. ಇಟಲಿಯ ವಿಜ್ಞಾನಿ ಟೊರಿಸೆಲ್ಲಿ 1643ರಲ್ಲಿ ಪಾದರಸದ ಕೊಳವೆ ನಿಲ್ಲಿಸಿ ಈ ತಳ್ಳುವಿಕೆಗೂ ಮಿತಿ ಇದೆಯೆಂದು ತೋರಿಸಿದ: 76 ಸೆಂಟಿಮೀಟರ್ ಪಾದರಸ, ನೀರಾದರೆ ಸುಮಾರು 10 ಮೀಟರ್. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಇದರಲ್ಲೂ ಹತ್ತಿರಹತ್ತಿರ ಶೇ. 10 ಖೋತಾ.

ಪೆಟ್ರೋಲಿನ ಪಾಡು ನೀರಿಗಿಂತ ಕಷ್ಟ. ಅದು ನೂರಾರು ದ್ರವಗಳ ಬೆರಕೆ. ತೀರಾ ಹಗುರವಾದವು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಕುಕ್ಕರಿನಲ್ಲಿ ಒತ್ತಡ ಏರಿಸಿ ಕುದಿಬಿಂದುವನ್ನು ಮೇಲಕ್ಕೆ ಒಯ್ಯುತ್ತೇವೆ. ಪಂಪಿಗೆ ಮುಂಚಿನ ಪೈಪಿನಲ್ಲಿ ಆಗುವುದು ಕುಕ್ಕರಿನ ತದ್ವಿರುದ್ಧ: ಫಿಲ್ಟರ್ ಕಟ್ಟಿದಷ್ಟೂ ಅದರಾಚೆ ಒತ್ತಡ ಕುಸಿಯುತ್ತದೆ, ಪೆಟ್ರೋಲ್ ಇನ್ನಷ್ಟು ಬೇಗ ಆವಿಯಾಗುತ್ತದೆ. ಆವಿ ತುಂಬಿದ ಪಂಪ್ ಎಂದರೆ ಆಯಿಲಿಗೆ ಗಾಳಿ ಹೊಕ್ಕ ಕಾರಿನ ಬ್ರೇಕಿನಂತೆ. ಪೆಡಲ್ ತುಳಿದರೆ ಗಾಳಿ ಕುಗ್ಗುತ್ತದೆ ಅಷ್ಟೆ, ಕೆಲಸ ನಡೆಯುವುದಿಲ್ಲ. ಘಾಟಿಯಲ್ಲಿ ಎಂಜಿನ್ ಕಾದಿರುತ್ತದೆ, ವೇಗ ಕಡಿಮೆ, ಗಾಳಿಯೂ ತೆಳು. ಕಾರು ಅಲ್ಲೇ ಕೈಕೊಡುವುದರಲ್ಲಿ ಆಶ್ಚರ್ಯವೇನು?

ಪಂಪಿನ ಆಚೆ ಕಥೆಯೇ ಬೇರೆ. ಪಂಪಿನೊಳಗಿನ ಬಾಗುವ ಪರದೆಯಾದ ಡಯಾಫ್ರಾಮನ್ನು ಎಳೆಯುವುದು ಎಂಜಿನ್ ತಿರುಗಿಸುವ ಕ್ಯಾಮ್, ಮರಳಿ ತಳ್ಳುವುದು ಸ್ಪ್ರಿಂಗ್. ಆ ಸ್ಪ್ರಿಂಗಿನಿಂದಲೇ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿಗೆ 2ರಿಂದ 4 ಪಿಎಸ್‌ಐ ಒತ್ತಡ. ಅಲ್ಲಿ ಫಿಲ್ಟರ್ ಸ್ವಲ್ಪ ಕಟ್ಟಿದರೆ ಸ್ಪ್ರಿಂಗ್ ನಿಧಾನವಾಗಿ ತಳ್ಳುತ್ತದೆ, ಒತ್ತಡದಲ್ಲಿರುವ ಪೆಟ್ರೋಲ್ ಸುಲಭಕ್ಕೆ ಕುದಿಯುವುದಿಲ್ಲ.

ಹಾಗಾಗಿ ಪಂಪಿಗೆ ಮುಂಚೆ ಸುಮಾರು 100 ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ನೈಲಾನ್ ಜಾಲರಿ ಸಾಕು, ಪಾರದರ್ಶಕ ಡಬ್ಬಿಯದ್ದು, ಬಿಚ್ಚಿ ತೊಳೆಯುವಂಥದ್ದು. ಮಡಿಕೆ ಕಾಗದದ 30–40 ಮೈಕ್ರಾನಿನ ಫಿಲ್ಟರ್ ಪಂಪಿಗೂ ಕಾರ್ಬೊರೇಟರಿಗೂ ನಡುವೆ ಇರಲಿ. ಇದಕ್ಕಿಂತ ಸಣ್ಣದೇಕೆ ಬೇಡ? ಸೋಲೆಕ್ಸ್ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ಮೇಲೆ 120 ಎಂದಿದ್ದರೆ ತೂತು 1.20 ಮಿಲಿಮೀಟರ್, ಅಂದರೆ 1200 ಮೈಕ್ರಾನ್. ಐಡಲ್ ಜೆಟ್ 45 ಎಂದರೂ 450 ಮೈಕ್ರಾನ್. ತಲೆಗೂದಲೇ ಸುಮಾರು 70. ಜೆಟ್ಟಿಗಿಂತ ನಾಜೂಕಿನ ಜಾಗ, ಕಾರ್ಬೊರೇಟರಿನೊಳಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಚೇಂಬರಿನ ನೀಡಲ್ ವಾಲ್ವ್. ಅದರ ಸೀಟಿನಲ್ಲಿ ಒಂದು ತುಣುಕು ತುಕ್ಕು ಸಿಕ್ಕಿಕೊಂಡರೆ ಪೆಟ್ರೋಲ್ ಉಕ್ಕಿ ಹರಿಯುತ್ತದೆ. ಅಂಬಾಸಿಡರಿನ 1489 ಸಿಸಿ ಎಂಜಿನ್ನಿನಲ್ಲಿ ಕಾರ್ಬೊರೇಟರೂ ಬಿಸಿ ಹೊಗೆ ಹೊರಬಿಡುವ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಪಕ್ಕದಲ್ಲಿವೆ. ಉಕ್ಕಿದ್ದು ಎಲ್ಲಿ ಬೀಳುತ್ತದೆಂದು ಹೇಳಬೇಕಿಲ್ಲ. ಅಲ್ಲಿ ಅಂದಕ್ಕೆಂದು ಗಾಜಿನ ಫಿಲ್ಟರ್ ನೇತುಹಾಕುವ ಚಟವೂ ಇದೇ ಕಾರಣಕ್ಕೆ ಅಪಾಯ.

ಕೂರಿಸುವಾಗ ಬಾಣದ ಗುರುತು ಕಾರ್ಬೊರೇಟರ್ ಕಡೆಗೆ, ಹೊರಹೋಗುವ ಬಾಯಿ ಮೇಲಕ್ಕೆ. ಸ್ಟೀಲ್ ಪೈಪಿನ ಹೊರವ್ಯಾಸ ಅಳೆದು ಅದಕ್ಕೆ ಬಿಗಿಯಾಗಿ ಕೂರುವ, ಎಥನಾಲ್ ತಡೆಯುವ ಹೋಸ್ ತನ್ನಿ; ಎರಡೂ ತುದಿಗೆ ಕ್ಲಿಪ್. ಫಿಲ್ಟರ್ ಅರ್ಧ ಖಾಲಿ ಕಾಣುತ್ತದೆಂದು ಗಾಬರಿ ಬೇಡ, ಮೇಲೆ ಗಾಳಿ ನಿಂತಿರುವುದು ಮಾಮೂಲು.

ಪೈಪು ಕಟ್ಟುವುದು ಕಾರಿನಷ್ಟೇ ಹಳೆಯ ರೋಗ. 1888ರಲ್ಲಿ ಕಾರಿನ ಜನಕ ಕಾರ್ಲ್ ಬೆಂಜ್‌ನ ಹೆಂಡತಿ ಬರ್ಥಾ ಬೆಂಜ್ ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಕಾರಿನಲ್ಲಿ ಹೊರಟಾಗ ಟೋಪಿಯ ಪಿನ್ನಿನಿಂದ ಇಂಧನದ ಪೈಪು ಚುಚ್ಚಿ ಬಿಡಿಸಿದಳೆಂದು ಹೇಳುತ್ತಾರೆ. ಈಗಿನ ಮಂದಿ ಪಿನ್ ಬಿಟ್ಟು ಪೈಪಿಗೆ ಅಯಸ್ಕಾಂತ ಕಟ್ಟುತ್ತಾರೆ, ಮೈಲೇಜ್ ಏರುತ್ತದಂತೆ! ಪೆಟ್ರೋಲಿನ ಅಣು ಅದಕ್ಕೆ ಸೊಪ್ಪು ಹಾಕುವುದಿಲ್ಲ. ತುಕ್ಕನ್ನಾದರೂ ಹಿಡಿದೀತು ಎಂದರೆ, ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುವುದು ಕಪ್ಪು ಆಕ್ಸೈಡ್. ಟ್ಯಾಂಕಿನಲ್ಲಿ ಉದುರುವ ಕೆಂಪು ತುಕ್ಕು ಹೆಚ್ಚಾಗಿ ನುಸುಳಿಯೇ ಹೋಗುತ್ತದೆ.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20, ಅಂದರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲ್, ಹಳೆಯ ಕಾರಿಗೆ ಹೊಸ ತಲೆನೋವು. ಎಥನಾಲ್ ಟ್ಯಾಂಕಿನ ಗೋಡೆಗೆ ಅಂಟಿದ್ದ ಹಳೆಯ ಗೋಂದನ್ನು ಕರಗಿಸಿ ತರುತ್ತದೆ. ಮೊದಲ ಎರಡು ಮೂರು ಟ್ಯಾಂಕ್ ಮುಗಿಯುವಷ್ಟರಲ್ಲಿ ಕಾಗದದ ಫಿಲ್ಟರ್ ಬದಲಿಸಿ, ಪಂಪಿನ ಡಯಾಫ್ರಾಮನ್ನೂ ನೋಡಿಬಿಡಿ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಎಥನಾಲ್ ತೇವ ಹೀರಿ, ಅತಿಯಾದಾಗ ನೀರಿನ ಜೊತೆ ಬೇರ್ಪಟ್ಟು ತಳ ಸೇರುತ್ತದೆ. ಕಾಗದ ಅದನ್ನು ತಡೆಯದು. ಟ್ಯಾಂಕಿನ ತಳದಿಂದಲೇ ಬಸಿಯಬೇಕು.

ಕಾರು ನಿಂತರೆ ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. ‘ಹುಸ್’ ಎಂದು ಗಾಳಿ ಒಳನುಗ್ಗಿದರೆ ಫಿಲ್ಟರ್ ನಿರಪರಾಧಿ, ಗಾಳಿಯಾಡುವ ತೂತು ಕಟ್ಟಿದೆ. ಇಲ್ಲದಿದ್ದರೆ ಎಂಜಿನ್ ತಣ್ಣಗಾದ ಮೇಲೆ, ಕಿಡಿ ಹಾರದಂತೆ ಕಾಯಿಲ್ ವೈರ್ ಕಳಚಿ, ಕಾರ್ಬೊರೇಟರಿಗೆ ಹೋಗುವ ಹೋಸನ್ನು ಬಾಟಲಿಗಿಳಿಸಿ, 15 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಪಂಪಿನ ಆಚೆಯ ಫಿಲ್ಟರ್ ಇದ್ದಾಗ ಎಷ್ಟು, ತೆಗೆದಾಗ ಎಷ್ಟು ಎಂದು ಅಳೆಯಿರಿ. ಇದ್ದಾಗ ಅರ್ಧಕ್ಕರ್ಧ ಬಿದ್ದರೆ ಅದರ ಆಯುಸ್ಸು ಮುಗಿದಿದೆ. ಎರಡು ಸಲವೂ ಸೊರಗಿದ ಧಾರೆಯಾದರೆ ಪಂಪಿಗೆ ಮುಂಚಿನ ಜಾಲರಿ, ಹೋಸ್, ಪಂಪ್ ನೋಡಿ.

ಬಿಚ್ಚಿದ ಫಿಲ್ಟರನ್ನು ಹಾಗೇ ಎಸೆಯಬೇಡಿ. ಒಳಬರುವ ಬಾಯನ್ನು ಕೆಳಗೆ ಮಾಡಿ ಬಿಳಿ ಕಾಗದದ ಮೇಲೆ ತಟ್ಟಿ. ಕೆಂಪು ಪುಡಿ ಬಿದ್ದರೆ ಟ್ಯಾಂಕ್ ಇಳಿಸುವ ಕೆಲಸ ಕಾದಿದೆ. ಕರಿ ಚೂರುಗಳಾದರೆ ರಬ್ಬರ್ ಹೋಸ್ ಒಳಗಿನಿಂದ ಕಳಚುತ್ತಿದೆ, ಎಲ್ಲ ಹೋಸ್‌ಗಳನ್ನೂ ಒಂದೇ ಸಲ ಬದಲಿಸಿ.