ಪ್ರಾಸ್ಟೇಟ್ ಹೆರೆಯುವಾಗ ಹರಿಯುವ ನೀರು

ಗಂಡಸರ ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿ ಊದಿದರೆ, 1900ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪೀಟರ್ ಫ್ರೇಯರ್ ಮಾಡಿದ್ದು ಬೆರಳಿನ ಕೆಲಸ. ಕಿಬ್ಬೊಟ್ಟೆ ಕೊಯ್ದು, ಮೂತ್ರಕೋಶ ತೆರೆದು, ಕಿತ್ತಳೆಯ ಸಿಪ್ಪೆ ಉಳಿಸಿ ತೊಳೆ ಬಿಡಿಸಿದ ಹಾಗೆ ಗಡ್ಡೆ ತೆಗೆಯುತ್ತಿದ್ದರು. 1945ರಲ್ಲಿ ಟೆರೆನ್ಸ್ ಮಿಲಿನ್ ಮೂತ್ರಕೋಶ ತೆರೆಯದೆ ಅದನ್ನೇ ಮಾಡಿ ತೋರಿಸಿದರು.

ಹೊಟ್ಟೆ ಕೊಯ್ಯದ ದಾರಿ ಬೇರೆಯದು. 1926ರಲ್ಲಿ ಸ್ಟರ್ನ್ ರೂಪಿಸಿ, ಆಮೇಲೆ ಮೆಕಾರ್ಥಿ ಸುಧಾರಿಸಿದ ರಿಸೆಕ್ಟೋಸ್ಕೋಪನ್ನು (ಒಳಗೆ ನೋಡುತ್ತಲೇ ಕೊಯ್ಯುವ ಕೊಳವೆ) ಮೂತ್ರನಾಳದಲ್ಲಿ ತೂರಿಸಿ, ತಂತಿಯ ಕುಣಿಕೆಗೆ ಕರೆಂಟು ಹಾಯಿಸಿ ಹೆರೆಯುವುದು. ಅದೇ ಇಂದಿನ ಟ್ರಾನ್ಸ್‌ಯುರೆಥ್ರಲ್ ರಿಸೆಕ್ಷನ್ ಆಫ್ ಪ್ರಾಸ್ಟೇಟ್, ಅಂದರೆ ಟಿಯುಆರ್‌ಪಿ. ರಕ್ತ ಕಣ್ಣು ಕಟ್ಟದಿರಲು ದ್ರವ ಹರಿಯುತ್ತಲೇ ಇರಬೇಕು. ಯಾವ ದ್ರವ ಎಂಬುದೇ ದೊಡ್ಡ ತೊಡಕಾಯಿತು.

ಸಲೈನಿನಲ್ಲಿ (ಉಪ್ಪುನೀರಿನ ದ್ರಾವಣ) ಕರೆಂಟು ಚದುರುತ್ತದೆ, ಕುಣಿಕೆ ಕೊಯ್ಯುವುದಿಲ್ಲ. ಹಾಗಾಗಿ ಡಿಸ್ಟಿಲ್ಡ್ ವಾಟರ್ ಬಿಟ್ಟರು. ಹೆರೆದಲ್ಲಿ ಬಾಯಿ ತೆರೆದ ಸಿರೆಗಳು ಆ ನೀರನ್ನು ಹೀರಿದವು, ಕೆಂಪುಕಣಗಳು ಒಡೆದವು, ಮೂತ್ರಪಿಂಡ ಕೈಕೊಟ್ಟಿತು. 1947ರಲ್ಲಿ ವೈದ್ಯ ಕ್ರೀವಿ ಇದನ್ನು ಎತ್ತಿ ಹೇಳಿದ ಮೇಲೆ, ಮರುವರ್ಷ ಇನ್ನೊಬ್ಬ ವೈದ್ಯ ನೆಸ್ಬಿಟ್ ಗ್ಲೈಸಿನ್ ಎಂಬ ಅಮೈನೋ ಆಮ್ಲದ ದ್ರಾವಣ ತಂದರು. 1.5 ಶೇಕಡಾ ಗ್ಲೈಸಿನ್‌ನಲ್ಲಿ ಕಣ ಒಡೆಯುವುದಿಲ್ಲ. ಆದರೆ ಅದರಲ್ಲಿ ಸೋಡಿಯಂ ಇಲ್ಲ. ಲೀಟರುಗಟ್ಟಲೆ ಒಳಗೆ ಹೋದರೆ ರಕ್ತದ ಸೋಡಿಯಂ ಕುಸಿಯುತ್ತದೆ. ಇದೇ ಟಿಯುಆರ್ ಸಿಂಡ್ರೋಮ್.

ಮೊದಲ ಸುಳಿವು ಕೊಡುವುದು ರೋಗಿಯ ಮಾತು. ಬೆನ್ನಿಗೆ ಅರಿವಳಿಕೆ ಕೊಟ್ಟು ಎಚ್ಚರವಾಗಿ ಇರಿಸುವುದರ ಲಾಭ ಇದು. ಆಕಳಿಕೆ, ಚಡಪಡಿಕೆ, ವಾಕರಿಕೆ. ಕೆಲವರು "ಕಣ್ಣು ಮಂಜಾಯ್ತು" ಎನ್ನುತ್ತಾರೆ. ಗ್ಲೈಸಿನ್ ಅಕ್ಷಿಪಟದ ನರಸಂದೇಶವನ್ನು ತಡೆಯುವುದು ಇದಕ್ಕೆ ಕಾರಣ. ಸೋಡಿಯಂ ಲೀಟರಿಗೆ 120 ಮಿಲಿಮೋಲ್‌ಗಿಂತ ಇಳಿದರೆ ಫಿಟ್ಸ್ ಬರಬಹುದು. ಆಗ ಹೆರೆಯುವುದನ್ನು ನಿಲ್ಲಿಸಿ, ರಕ್ತಸ್ರಾವ ಹಿಡಿತಕ್ಕೆ ತಂದು ಮುಗಿಸಬೇಕು. ಲಕ್ಷಣ ತೀವ್ರವಿದ್ದರೆ 3 ಶೇಕಡಾ ಸಲೈನನ್ನು ಅಳತೆಯಲ್ಲಿ ಕೊಡಬೇಕು. ಗಾಬರಿಯಿಂದ ಸೋಡಿಯಂ ಸರ್ರನೆ ಏರಿಸಿದರೆ ಮಿದುಳಿಗೇ ಪೆಟ್ಟು.

ತಡೆಯುವ ಉಪಾಯ ಬಹಳ ಸರಳ, ಅದಕ್ಕೇ ಮರೆತುಹೋಗುತ್ತದೆ. ದ್ರವದ ಚೀಲ ರೋಗಿಗಿಂತ ಸುಮಾರು 60 ಸೆಂ.ಮೀ. ಮೇಲಿದ್ದರೆ ಸಾಕು. ರಕ್ತ ಹೆಚ್ಚಾಗಿ ನೋಟ ಮಸುಕಾದಾಗ "ಚೀಲ ಎತ್ತು" ಎನ್ನುವುದು ರೂಢಿ. ಎತ್ತಿದಷ್ಟೂ ಒತ್ತಡ ಏರಿ, ಸಿರೆಗೆ ನೀರು ನುಗ್ಗುತ್ತದೆ. ಹೆರೆಯುವುದು ಒಂದು ಗಂಟೆ ಮೀರಬಾರದು. ಗ್ರಂಥಿ ಅಷ್ಟು ದೊಡ್ಡದಿದ್ದರೆ ಬೇರೆ ವಿಧಾನ ನೋಡಬೇಕು.

ಈಗಿನ ಬೈಪೋಲಾರ್ ಯಂತ್ರದಲ್ಲಿ ಕರೆಂಟು ಕುಣಿಕೆಯಿಂದ ಪಕ್ಕದ ಎಲೆಕ್ಟ್ರೋಡಿಗೇ ಮರಳುವುದರಿಂದ ಸಲೈನಿನಲ್ಲೇ ಕೊಯ್ಯಬಹುದು. ಸೋಡಿಯಂ ಕುಸಿಯುವ ಭಯ ಹೆಚ್ಚುಕಡಿಮೆ ಹೋಯಿತು. ಆದರೆ ಸಲೈನೂ ಒಳಗೆ ಇಳಿಯುತ್ತದೆ, ಹೃದಯ ಸೋತವರಿಗೆ ಎರಡು ಲೀಟರ್ ಹೆಚ್ಚಾದರೂ ಶ್ವಾಸಕೋಶದಲ್ಲಿ ನೀರು ತುಂಬೀತು. ಎಷ್ಟು ಚೀಲ ಏರಿಸಿದೆವು, ಬಕೆಟಿಗೆ ಎಷ್ಟು ಬಿತ್ತು ಎಂಬ ಲೆಕ್ಕವನ್ನು ಇವತ್ತಿಗೂ ಯಾರಾದರೊಬ್ಬರು ಬರೆದಿಡಲೇಬೇಕು.