ಬೆಂಗಳೂರಿನ ಬರಿಗಾಲು, ಕೋಲ್ಕತ್ತಾದ ನೆನಪು

2017ರ ಆಗಸ್ಟ್ 27, ಭಾನುವಾರ. ಗಣೇಶನ ಹಬ್ಬ ಆಗಿ ಎರಡು ದಿನ. ಬೆಂಗಳೂರು ಇನ್ನೂ ತಮಟೆ ಸದ್ದಿನಲ್ಲೇ ಇತ್ತು, ಗಣಪತಿ ಹೊತ್ತ ಟೆಂಪೋಗಳು ಕೆರೆ ಕಡೆ ಹೊರಟಿದ್ದವು. ಅದೇ ದಿನ ಇದೇ ಊರಿನಲ್ಲಿ 90 ವರ್ಷದ ಅಹ್ಮದ್ ಖಾನ್ ತೀರಿಕೊಂಡರು. ಭಾರತದ ಫುಟ್‌ಬಾಲ್ ತಂಡದಲ್ಲಿ ಎರಡು ಒಲಿಂಪಿಕ್ಸ್ ಆಡಿದವರು, ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದವರು. ಹುಟ್ಟಿದ್ದೂ ಇಲ್ಲೇ, 1926ರಲ್ಲಿ. ಆದರೆ ಅವರನ್ನು ಮನೆಯವರಂತೆ ನೆನೆಸಿಕೊಂಡ ಜನ ಇರೋದು ಎರಡು ರಾತ್ರಿ ರೈಲಿನ ದೂರದಲ್ಲಿ, ಕೋಲ್ಕತ್ತಾದಲ್ಲಿ.

ನಾನು ಈ ಹೆಸರು ಮೊದಲು ಕೇಳಿದ್ದೂ ಒಬ್ಬ ಬಂಗಾಳಿಯ ಬಾಯಲ್ಲೇ. ಯಾವ ಊರು ಅಂತ ಕೇಳಿದರು, ಬೆಂಗಳೂರು ಅಂದೆ. 'ಓಹೋ, ಅಹ್ಮದ್ ಖಾನ್ ಊರು!' ಅಂದರು. ಅವರು ಅಹ್ಮದ್ ಖಾನ್ ಆಟವನ್ನು ಕಣ್ಣಾರೆ ಕಂಡವರಲ್ಲ. ಅವರ ಅಪ್ಪ ಹೇಳಿದ ಕಥೆ ಅಷ್ಟೇ. ನಾನು ಸುಮ್ನೆ ತಲೆಯಾಡಿಸಿದೆ. ಆ ಹೊತ್ತಿಗೆ ನನಗೆ ಅಹ್ಮದ್ ಖಾನ್ ಯಾರು ಅಂತಲೇ ಗೊತ್ತಿರಲಿಲ್ಲ.

ಇದು ಹೇಗಾಯಿತು ಅಂತ ತಿಳಿಯೋಕೆ ಮೊದಲು ದಂಡಿನ ಕಡೆ ಹೋಗಬೇಕು.

ಬೆಂಗಳೂರಿನ ದಂಡು ಪ್ರದೇಶದಲ್ಲಿ, ಅಂದರೆ ಕಂಟೋನ್ಮೆಂಟ್‌ನಲ್ಲಿ, ಬ್ರಿಟಿಷ್ ಸೈನಿಕರು ಫುಟ್‌ಬಾಲ್ ಆಡುತ್ತಿದ್ದರು. ಅದನ್ನು ನೋಡುತ್ತಾ ಸುತ್ತಲಿನ ಹುಡುಗರೂ ಕಲಿತರು. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಬೀದಿಗಳಲ್ಲಿ ಆಟ ಬೇರು ಬಿಟ್ಟಿತು. ಸೈನಿಕರ ಕಾಲಲ್ಲಿ ಬೂಟು, ಹುಡುಗರದು ಬರಿಗಾಲು. ಬೂಟು ಕೊಳ್ಳೋಕೆ ದುಡ್ಡಿರಲಿಲ್ಲ ಅನ್ನೋದು ನಿಜ. ಹಾಗಂತ ಅದು ಬರೀ ಬಡತನದ ಮಾತೂ ಅಲ್ಲ. ಆಗಿನ ಚೆಂಡು ದಪ್ಪ ಚರ್ಮದ್ದು, ಒಂದು ಕಡೆ ದಾರ ಕಟ್ಟಿರೋದು. ಒಣ ನೆಲದಲ್ಲಿ ಅದನ್ನು ಬರಿಗಾಲಿನ ಹೆಬ್ಬೆರಳಿನಿಂದ ಎಳೆದು, ಅಂಗಾಲಲ್ಲಿ ತಡೆದು, ಪಕ್ಕಕ್ಕೆ ಜಾರಿಸಬಹುದಿತ್ತು. ಬೂಟು ಹಾಕಿದವನಿಗೆ ಚೆಂಡು ತಗುಲಿದ ಮೇಲೆ ತಿಳಿಯುತ್ತೆ, ಬರಿಗಾಲಿನವನಿಗೆ ಅದು ಎಲ್ಲಿದೆ ಅಂತ ಚರ್ಮಕ್ಕೇ ಗೊತ್ತು. ಒಂದೇ ತೊಂದರೆ ಅಂದರೆ ಮಳೆ. ನೀರು ಕುಡಿದ ಚೆಂಡು ಕಲ್ಲಾಗುತ್ತೆ, ಕೆಸರಿನಲ್ಲಿ ಕಾಲು ನಿಲ್ಲಲ್ಲ.

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅನ್ನೋ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂತು. ಅಲ್ಲಿವರೆಗೆ ಆ ಕಪ್ ಸೈನ್ಯದ ತಂಡಗಳ ಸೊತ್ತು, ಗೆದ್ದ ಮೊದಲ ಭಾರತೀಯ ತಂಡ ಇದೇ. ಫೈನಲ್‌ನಲ್ಲಿ ಸೋತಿದ್ದು ಆ ಕಾಲದ ಹುಲಿ, ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷ ಮತ್ತೆ ಗೆದ್ದರು. ಈ ಗಾಳಿಯಲ್ಲಿ ಬೆಳೆದ ಹುಡುಗ ಅಹ್ಮದ್ ಖಾನ್.

1948ರ ಲಂಡನ್ ಒಲಿಂಪಿಕ್ಸ್‌ಗೆ ಸ್ವತಂತ್ರ ಭಾರತದ ಮೊದಲ ತಂಡ ಹೊರಟಾಗ ಅದರಲ್ಲಿ ಬೆಂಗಳೂರಿನವರು ಒಬ್ಬಿಬ್ಬರಲ್ಲ. ಅಹ್ಮದ್ ಖಾನ್, ಸಾರಂಗಪಾಣಿ ರಾಮನ್, ಧನರಾಜ್, ಗೋಲ್‌ಕೀಪರ್ ವರದರಾಜ್. ಜುಲೈ 31ರಂದು ಇಲ್‌ಫರ್ಡ್‌ನ ಮೈದಾನದಲ್ಲಿ ಫ್ರಾನ್ಸ್ ಎದುರು ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದರು. ಎರಡು ಪೆನಾಲ್ಟಿ ಕೈತಪ್ಪಿದವು. ಗೋಲು ಹೊಡೆದವರು ರಾಮನ್. ಕೊನೆ ಗಳಿಗೆಯಲ್ಲಿ ಫ್ರಾನ್ಸ್ 2-1ರಿಂದ ಗೆದ್ದಿತು. ಬರಿಗಾಲು ಯಾಕೆ ಅಂತ ಕೇಳಿದ್ದಕ್ಕೆ ನಾಯಕ ತಾಲಿಮೆರೆನ್ ಆವ್, ನಾವು ಆಡೋದು ಫುಟ್‌ಬಾಲ್, ನೀವು ಆಡೋದು ಬೂಟ್‌ಬಾಲ್ ಅಂದರಂತೆ. ಸೋತ ತಂಡದ ಮಾತು ಇಷ್ಟು ವರ್ಷ ಉಳಿದಿರೋದು ಅಪರೂಪ ಅಲ್ವಾ?

ಮರುವರ್ಷ ಅಹ್ಮದ್ ಖಾನ್ ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿಂದಾಚೆಗೆ ಕಥೆ ಆಟದ್ದಷ್ಟೇ ಅಲ್ಲ.

ದೇಶ ಒಡೆದಾಗ ಪೂರ್ವ ಬಂಗಾಳದಿಂದ ಲಕ್ಷಾಂತರ ಜನ ಮನೆ, ಹೊಲ, ಕೆರೆ ಎಲ್ಲ ಬಿಟ್ಟು ಕಲ್ಕತ್ತಾಗೆ ಬಂದರು. ರೈಲ್ವೆ ಪ್ಲಾಟ್‌ಫಾರಂನಲ್ಲಿ, ಖಾಲಿ ಜಾಗದ ಗುಡಿಸಲುಗಳಲ್ಲಿ ಬದುಕು. ಊರಿನವರ ಕಣ್ಣಿಗೆ ಅವರು 'ಬಾಂಗಾಲ್'ಗಳು, ಮಾತಿನ ಧಾಟಿಯೇ ಬೇರೆ, ತಿನ್ನೋ ಮೀನೇ ಬೇರೆ. ಇಂಥವರಿಗೆ ತಮ್ಮದು ಅಂತ ಉಳಿದಿದ್ದ ಒಂದು ಹೆಸರು ಈಸ್ಟ್ ಬೆಂಗಾಲ್ ಕ್ಲಬ್. ಕೆಂಪು-ಬಂಗಾರ ಬಣ್ಣದ ಜೆರ್ಸಿ ಶನಿವಾರ ಗೆದ್ದರೆ ಭಾನುವಾರ ತಲೆ ಎತ್ತಿ ಓಡಾಡಬಹುದಿತ್ತು. ಆ ಜೆರ್ಸಿಯನ್ನು ಗೆಲ್ಲಿಸೋಕೆ ಕ್ಲಬ್‌ನ ಜ್ಯೋತಿಷ್ ಚಂದ್ರ ಗುಹ ದಕ್ಷಿಣದಿಂದ ಐವರನ್ನು ಕಲೆ ಹಾಕಿದರು. ಅಹ್ಮದ್ ಖಾನ್, ಧನರಾಜ್, ವೆಂಕಟೇಶ್, ಅಪ್ಪಾ ರಾವ್, ಸಾಲೇ. ಮುಂಪಡೆಯ ಈ ಐವರಲ್ಲಿ ಬಂಗಾಳದವರು ಒಬ್ಬರೂ ಇಲ್ಲ. ಜನ ಅವರಿಗೆ ಇಟ್ಟ ಹೆಸರು ಪಂಚಪಾಂಡವರು. ವನವಾಸಕ್ಕೆ ಬಿದ್ದವರಿಗೆ ಬೇರೆ ಯಾವ ಹೆಸರು ಹೊಳೆದೀತು!

1949, 1950, 1951. ಮೂರೂ ವರ್ಷ ಕಲ್ಕತ್ತಾದ ದೊಡ್ಡ ಟೂರ್ನಿ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲ್‌ಗೆ. 1949ರಲ್ಲಂತೂ ಕಲ್ಕತ್ತಾ ಲೀಗ್ ಮತ್ತು ರೋವರ್ಸ್ ಕಪ್ ಕೂಡ. 1951ರಲ್ಲಿ, 1952ರಲ್ಲಿ ಡ್ಯುರಾಂಡ್ ಕಪ್. 1953ರಲ್ಲಿ ತಂಡ ರುಮೇನಿಯಾ, ಸೋವಿಯತ್ ರಷ್ಯಾವರೆಗೂ ಹೋಗಿ ಬಂತು. ಎದುರಾಳಿ ರಕ್ಷಕರ ನಡುವೆ ಚೆಂಡನ್ನು ಕುಣಿಸಿಕೊಂಡು ಹೋಗುತ್ತಿದ್ದ ಅಹ್ಮದ್ ಖಾನ್‌ಗೆ ಹಾವಾಡಿಗ ಅಂತ ಅಡ್ಡಹೆಸರು ಬಿತ್ತು. ಸುಮಾರು ಹತ್ತು ವರ್ಷ ಅದೇ ಕ್ಲಬ್‌ನಲ್ಲಿ ಆಡಿದರು. ಮೂರು ಹೊತ್ತಿನ ಊಟಕ್ಕೆ ಗ್ಯಾರಂಟಿ ಇಲ್ಲದ ಜನ ಅವರ ಆಟಕ್ಕೆ ಬಿಸಿಲಲ್ಲಿ ಸಾಲು ನಿಂತರು. ಆ ಸಾಲಿನಲ್ಲಿ ನಿಂತವರ ಮಕ್ಕಳು, ಮೊಮ್ಮಕ್ಕಳೇ 2017ರಲ್ಲಿ ಅವರ ಹಳೇ ಫೋಟೋ ಹುಡುಕಿ ತೆಗೆದಿದ್ದು.

ನಡುವೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಇದೆ. ಯುಗೊಸ್ಲಾವಿಯಾ ಎದುರು ಭಾರತ 10-1ರಿಂದ ಸೋತ ಪಂದ್ಯ. ಫಿನ್ಲೆಂಡಿನ ಚಳಿ, ಪರಿಚಯವಿಲ್ಲದ ನೆಲ, ನಮ್ಮವರ ಬರಿಗಾಲು. ಎದುರಿಗಿದ್ದವರು ಆ ಸಲ ಬೆಳ್ಳಿ ಪದಕ ಗೆದ್ದ ತಂಡ. ಹತ್ತು ಗೋಲು ಬಿದ್ದ ಮೇಲೂ, ಆಟ ಮುಗಿಯೋಕೆ ನಿಮಿಷ ಇರುವಾಗ ಒಬ್ಬರು ಇನ್ನೂ ಗೋಲಿನ ಕಡೆ ಓಡುತ್ತಿದ್ದರು. ಭಾರತದ ಆ ಒಂದೇ ಗೋಲು ಅಹ್ಮದ್ ಖಾನ್ ಹೊಡೆದಿದ್ದು. ಈ ಸೋಲಿನ ನಂತರವೇ ಭಾರತ ತಂಡಕ್ಕೆ ಬೂಟು ಕಡ್ಡಾಯವಾಯಿತು. ಬರಿಗಾಲಿನ ಕಾಲ ಮುಗಿಯಿತು ಅಂತ ಬರೆಯೋದಾದರೆ, ಅದರ ಕೊನೇ ಸಾಲುಗಳಲ್ಲಿ ಒಂದು ಬೆಂಗಳೂರಿನವರದ್ದು. (1950ರ ವಿಶ್ವಕಪ್‌ಗೆ ಬರಿಗಾಲಿನ ಕಾರಣಕ್ಕೇ ಹೋಗಲಿಲ್ಲ ಅನ್ನೋ ಕಥೆಯನ್ನು ಮಾತ್ರ ನಂಬಬೇಡಿ. ಅದು ನೆಪ ಅಂತ ಆಗ ಆಡುತ್ತಿದ್ದ ಶೈಲೇನ್ ಮನ್ನಾ ಅವರೇ ಹೇಳಿದ್ದಾರೆ.)

ಇಷ್ಟೆಲ್ಲ ಆಗಿಯೂ ಇಲ್ಲಿ ಯಾಕೆ ಮರೆವು? ಫುಟ್‌ಬಾಲ್ ಇರಲಿಲ್ಲ ಅನ್ನೋ ಹಾಗಿಲ್ಲ. ಮೈಸೂರು, ಅಂದರೆ ಇಂದಿನ ಕರ್ನಾಟಕದ ತಂಡ, 1946-47ರಲ್ಲಿ, 1952-53ರಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು, ಎರಡು ಸಲವೂ ಫೈನಲ್‌ನಲ್ಲಿ ಬಂಗಾಳವನ್ನೇ ಸೋಲಿಸಿ. 1967-68, 1968-69ರಲ್ಲಿ ಮತ್ತೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿ ಅರುಮೈನಾಯಗಂ. ಇಬ್ಬರೂ ಹೆಸರು ಮಾಡಿದ್ದು ಕಲ್ಕತ್ತಾದ ಮೋಹನ್ ಬಗಾನ್‌ನಲ್ಲಿ.

ನನಗೆ ಕಾಣೋ ಕಾರಣ ಎರಡು. ಒಂದು, ಆಟಗಾರನನ್ನು ನೆನಪಿಡೋದು ಊರಲ್ಲ, ಕ್ಲಬ್. 1920ರ ಈಸ್ಟ್ ಬೆಂಗಾಲ್ ಇವತ್ತೂ ಇದೆ, ಅದೇ ಬಣ್ಣ, ಅದೇ ಎದುರಾಳಿ ಮೋಹನ್ ಬಗಾನ್. ಇವೆರಡರ ನಡುವಿನ ಪ್ರತಿ ಡರ್ಬಿ ಪಂದ್ಯಕ್ಕೂ ಹಳೇ ಹೆಸರುಗಳ ಜಪ ನಡೆಯುತ್ತೆ. ಇಲ್ಲಿ ಬಲವಾಗಿದ್ದ ತಂಡಗಳಲ್ಲಿ ಬಹಳಷ್ಟು ಕಾರ್ಖಾನೆಯವು, ಐಟಿಐ, ಎಚ್‌ಎಎಲ್ ಥರದವು. ಹುಡುಗನಿಗೆ ಕೆಲಸ ಸಿಗುತ್ತಿತ್ತು, ಮನೆ ನಡೆಯುತ್ತಿತ್ತು. ಅದು ಸಣ್ಣ ಮಾತಲ್ಲ. ಆದರೆ ಟೆಲಿಫೋನ್ ಕಾರ್ಖಾನೆಯ ತಂಡಕ್ಕಾಗಿ ಯಾರು ತಲೆಮಾರುಗಟ್ಟಲೆ ಅಳುತ್ತಾರೆ? ಈಗಿರುವ ಬೆಂಗಳೂರು ಎಫ್‌ಸಿಗೆ ಹಾಡುವ, ಕಣ್ಣೀರು ಹಾಕುವ ಅಭಿಮಾನಿಗಳಿದ್ದಾರೆ ನಿಜ. ಆದರೆ ಅದು ಹುಟ್ಟಿದ್ದೇ 2013ರಲ್ಲಿ.

ಎರಡನೇ ಕಾರಣ ಹೇಳೋಕೆ ಸ್ವಲ್ಪ ಮುಜುಗರ. ಫುಟ್‌ಬಾಲ್ ಬೆಳೆದ ಬೀದಿಗಳ ಮಾತು ಜಾಸ್ತಿ ತಮಿಳು, ದಖನಿ ಉರ್ದು. ಪೇಟೆ ಕಡೆಯ ಕನ್ನಡದವರಿಗೆ ದಂಡು ಅಂದರೆ ಬೇರೆಯೇ ಊರು. 1974ರಲ್ಲಿ ಸೆಮಿಫೈನಲ್‌ನಲ್ಲಿ ಬೊಂಬಾಯಿಯನ್ನು ಮಣಿಸಿ ರಣಜಿ ಗೆದ್ದ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ನಮ್ಮ ಅಂಗಳದವರಾದರು. ಅವರ ಬಗ್ಗೆ ಕನ್ನಡದಲ್ಲಿ ಎಷ್ಟು ಬರೆದರೂ ಸಾಕಾಗಲಿಲ್ಲ. ಅಹ್ಮದ್ ಖಾನ್, ರಾಮನ್, ಧನರಾಜ್ ಬಗ್ಗೆ ಬರೆಯಬೇಕು ಅಂತ ನಮಗೆ ಅನಿಸಲೇ ಇಲ್ಲ. ಉರ್ದು, ತಮಿಳು ಆಡುತ್ತಿದ್ದ ಹುಡುಗರನ್ನು ಬಾಂಗಾಲ್‌ಗಳು ಪಾಂಡವರು ಅಂತ ಕರೆದುಕೊಂಡರು. ನಮಗೆ ಅಷ್ಟು ಸುಲಭವಾಗಲಿಲ್ಲ.

ಪೂಂಗಂ ಕಣ್ಣನ್ ಕಥೆಯೂ ಇದೇ ದಾರಿಯದು. ಬೆಂಗಳೂರಿನಲ್ಲಿ ಆಡಿ ಬೆಳೆದವರು, ಮೋಹನ್ ಬಗಾನ್‌ನಲ್ಲಿ, ಈಸ್ಟ್ ಬೆಂಗಾಲ್‌ನಲ್ಲಿ ಮಿಂಚಿದವರು. 'ಏಷ್ಯಾದ ಪೆಲೆ' ಅಂತ ಹೆಸರು. ಅವರು ವಾಪಸ್ ಬರಲೇ ಇಲ್ಲ. 2019ರ ಏಪ್ರಿಲ್‌ನಲ್ಲಿ ಕೋಲ್ಕತ್ತಾದಲ್ಲೇ ಕಣ್ಣು ಮುಚ್ಚಿದರು. ಅಹ್ಮದ್ ಖಾನ್ ಹುಟ್ಟಿದೂರಿಗೆ ಮರಳಿದ್ದರು.

ಗೌತಮಪುರಕ್ಕೆ ಹೋದರೆ ಒಂದು ಪ್ರತಿಮೆ ಕಾಣುತ್ತೆ. ಬುದ್ಧ, ಅಂಬೇಡ್ಕರ್, ಮದರ್ ತೆರೆಸಾ ಜೊತೆಗೆ ಅಲ್ಲಿ ನಿಂತಿರೋದು ಪೆಲೆ, ನಿಜವಾದ ಪೆಲೆ. ಬೀದಿಯವರೇ ಪ್ರೀತಿಯಿಂದ ಇಟ್ಟಿದ್ದು. 2022ರ ಡಿಸೆಂಬರ್ 29ರಂದು ಪೆಲೆ ತೀರಿಹೋದಾಗ ಗೌತಮಪುರದವರು ಆ ಪ್ರತಿಮೆಯ ಮುಂದೆ ಸೇರಿ ತಮ್ಮವರೇ ಹೋದಂತೆ ನಮಿಸಿದರು. ಆ ಬೀದಿಗೆ ಸಾವು ನೆನೆಯೋದು ಗೊತ್ತು. ಅದಾಗಿ ಮೂರು ತಿಂಗಳು ಕಳೆಯೋದರೊಳಗೆ, 2023ರ ಮಾರ್ಚ್‌ನಲ್ಲಿ, ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು. 54 ವರ್ಷಗಳ ನಂತರ ಅಂತ ಎಲ್ಲರೂ ಬರೆದರು. ಆ 54 ವರ್ಷದ ಹಿಂದೆ ಯಾರಿದ್ದರು ಅಂತ ಹುಡುಕುವಾಗಲೇ ನನಗೆ ಆ ಬಂಗಾಳಿಯ ಮಾತು ಮತ್ತೆ ನೆನಪಾಗಿದ್ದು: 'ಓಹೋ, ಅಹ್ಮದ್ ಖಾನ್ ಊರು!'