ಪ್ಲಗಿನ್ ಕಳಿಸುವ ಮುಂಚೆ: ಜಿಪ್ ಒಳಗೆ ಏನೇನಿದೆ ನೋಡಿ

ಉಡುಪಿಯಲ್ಲಿ ನಾವು ನಾಲ್ಕು ಜನ ಸೇರಿ ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ಒಂದು ಪ್ಲಗಿನ್ (ಅದಕ್ಕೆ ಹೊಸ ಸೌಲಭ್ಯ ಸೇರಿಸುವ ಪ್ರೋಗ್ರಾಮ್) ಬರೆಯುತ್ತಿದ್ದೇವೆ. ಯಕ್ಷಗಾನ ಮೇಳಗಳ ಆಟ ಯಾವತ್ತು, ಎಲ್ಲಿ ಎಂದು ತೋರಿಸುವ ಸಣ್ಣ ಕ್ಯಾಲೆಂಡರ್. ಕೋಡ್‌ಗಿಂತ ಜಾಸ್ತಿ ಹೊತ್ತು ಲೈಸೆನ್ಸ್ ಓದುವುದಕ್ಕೇ ಹೋಯಿತು. ಕಲಿಯುವವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆದಿಡುತ್ತಿದ್ದೇನೆ.

ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುತ್ತದೆ ಅಂದ ಮಾತ್ರಕ್ಕೆ ಕೋಡ್ ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದದ್ದು) ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯೇ. ಬರೆದವರು ಲೈಸೆನ್ಸ್ ಕೊಡದಿದ್ದರೆ ಹಕ್ಕು ಅವರ ಕೈಯಲ್ಲೇ ಉಳಿಯುತ್ತದೆ.

ವರ್ಡ್‌ಪ್ರೆಸ್‌ನ ಪ್ಲಗಿನ್ ಡೈರೆಕ್ಟರಿಗೆ ಸೇರಬೇಕಾದರೆ ಕಳಿಸುವ ಜಿಪ್ ಫೈಲಿನಲ್ಲಿರುವ ಎಲ್ಲವೂ ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸಿಗೆ ಹೊಂದಬೇಕು. ಕೋಡ್ ಮಾತ್ರ ಅಲ್ಲ, ಚಿತ್ರ, ಫಾಂಟ್, ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಎಲ್ಲವೂ. ನಾವು ಎಡವಿದ್ದು ಇಲ್ಲೇ. ವೇಷಧಾರಿಯೊಬ್ಬರ ಚಂದದ ಫೋಟೋ ಹಾಕಿದ್ದೆವು. ಅದಕ್ಕೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇತ್ತು, ಆದರೆ ವ್ಯಾಪಾರಕ್ಕೆ ಬಳಸಬಾರದು ಎಂಬ ಷರತ್ತಿನದು. ಫ್ರೀ ಅಲ್ವಾ, ಸಾಕು ಅಂದುಕೊಂಡೆವು. ಜಿಪಿಎಲ್ ಪ್ರಕಾರ ಯಾರು ಬೇಕಾದರೂ ಪ್ಲಗಿನ್ನನ್ನು ಮಾರಬಹುದು. ಮಾರಬೇಡಿ ಎನ್ನುವ ಫೋಟೋ ಅದರೊಳಗೆ ಹೇಗೆ ಇರಲು ಸಾಧ್ಯ?

ಲೈಬ್ರರಿಯ ವಿಷಯ ಇನ್ನೂ ಸೂಕ್ಷ್ಮ. ಎಂಐಟಿ ಲೈಸೆನ್ಸಿನದು ಬಂದರೆ ಚಿಂತೆಯಿಲ್ಲ, ಅದರ ಕಾಪಿರೈಟ್ ಸಾಲುಗಳನ್ನೂ ಲೈಸೆನ್ಸಿನ ಪಠ್ಯವನ್ನೂ ಅಳಿಸದಿದ್ದರೆ ಆಯಿತು. ಅಪಾಚೆ 2.0 ಎಂಬ ಲೈಸೆನ್ಸ್ ಮಾತ್ರ 1991ರ ಜಿಪಿಎಲ್ 2ಕ್ಕೆ ಹೊಂದುವುದಿಲ್ಲ, 2007ರ ಜಿಪಿಎಲ್ 3ಕ್ಕೆ ಹೊಂದುತ್ತದೆ. ವರ್ಡ್‌ಪ್ರೆಸ್ 'ಜಿಪಿಎಲ್ 2 ಅಥವಾ ನಂತರದ್ದು' ಎಂದಿರುವುದರಿಂದ ಜಿಪಿಎಲ್ 3ನ್ನು ಆರಿಸಿಕೊಳ್ಳುವ ದಾರಿ ತೆರೆದಿದೆ. 'ಅಥವಾ ನಂತರದ್ದು' ಎಂಬ ಮಾತನ್ನು ಸುಮ್ನೆ ದಾಟಿ ಹೋಗಬೇಡಿ.

ನಮ್ಮಲ್ಲೊಬ್ಬ ಮಣಿಪಾಲದಲ್ಲಿ ಕೆಲಸ ಮಾಡುತ್ತಾನೆ. ಕೆಲಸದ ಭಾಗವಾಗಿ ಬರೆದ ಕೋಡ್, ಬೇರೆ ಒಪ್ಪಂದ ಇಲ್ಲದಿದ್ದರೆ, ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೆಲಸ ಕೊಟ್ಟವರದ್ದು. ಅದಕ್ಕೇ ಅವನು ಮೊದಲು ಆಫೀಸಿನಿಂದ ಬರಹದಲ್ಲಿ ಒಪ್ಪಿಗೆ ತಂದ. ಇದನ್ನು ಯಾರೂ ಕಲಿಸುವುದಿಲ್ಲ, ನನಗೆ ತುಂಬ ಮುಖ್ಯ ಅನಿಸಿತು.

ಅನುಮೋದನೆಗೆ ಕಳಿಸಿದ್ದನ್ನು ಡೈರೆಕ್ಟರಿಯ ಪರಿಶೀಲನಾ ತಂಡದ ಜನರೇ ಓದಿ ನೋಡುತ್ತಾರೆ. ಕೋಡ್ ಓದಲು ಬರುವಂತಿರಬೇಕು. ಬಳಸುವವರ ಒಪ್ಪಿಗೆ ಕೇಳದೆ ಅವರ ಮಾಹಿತಿ ಕಲೆಹಾಕಬಾರದು. ಹೆಸರನ್ನು ಮೊದಲೇ ಯೋಚಿಸಿ. ಅನುಮೋದನೆಯಾದ ಮೇಲೆ ಪ್ಲಗಿನ್ ಪುಟದ ವಿಳಾಸದಲ್ಲಿ ಬರುವ ಹೆಸರು ಬದಲಾಗುವುದಿಲ್ಲ.

ಈಗ ನಾವು ಹೊರಗಿನಿಂದ ತಂದ ಪ್ರತಿ ಫೈಲನ್ನೂ ತಂದ ದಿನವೇ ಬರೆದಿಡುತ್ತೇವೆ: ಎಲ್ಲಿಂದ, ಯಾರದು, ಯಾವ ಲೈಸೆನ್ಸ್. ಫೋಟೋ ತೆಗೆದಾಯಿತು. ಆ ಜಾಗದಲ್ಲಿ ಗೆಳತಿ ತಾನೇ ಬಿಡಿಸಿ ಜಿಪಿಎಲ್ ಅಡಿ ಕೊಟ್ಟ ಕೇದಗೆ ಮುಂದಲೆಯ (ಯಕ್ಷಗಾನದ ಒಂದು ತಲೆಯುಡುಗೆ) ಚಿತ್ರವಿದೆ.